ಫೌಜಿ ಮನಿ ಕೂಸಿಗೂ ಅಂಗನವಾಡಿ ಐತಿ: ತೂಕ, ಎತ್ತರದ ಅಳತೆ ತಪ್ಪಿಸಬೇಡಿ

ಚಿಕ್ಕೋಡಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಸೇನೆಗೆ ಸೇರಿದ ಹುಡುಗರು ಕಮ್ಮಿ ಇಲ್ಲ. ಭರ್ತಿಗೆ ಹೋದಾಗ ಎತ್ತರ, ತೂಕ, ಎದೆ ಸುತ್ತಳತೆ ಅಳೆದೇ ಅವರನ್ನು ತಗೊಂಡಿರುತ್ತಾರೆ. ಆದರೆ ಅವರದೇ ಮನೆಯ ಮೂರು ವರ್ಷದ ಕೂಸಿನ ಎತ್ತರ ಎಷ್ಟು ಅಂತ ಕೇಳಿದ್ರೆ ಉತ್ತರ ಸಿಗೋದು ಕಷ್ಟ.

ಯಾಕೆ ತಪ್ಪುತ್ತದೆ?

ಅಪ್ಪನಿಗೆ ಕ್ವಾರ್ಟರ್ಸ್ ಸಿಕ್ಕರೆ ತಾಯಿ, ಮಗು ಅಲ್ಲಿಗೆ ಹೋಗ್ತಾರೆ. ಗಡಿಗೆ ಪೋಸ್ಟಿಂಗ್ ಆದರೆ ಮತ್ತೆ ಊರಿಗೆ. ಈ ಓಡಾಟದಲ್ಲಿ ತಿಂಗಳ ಅಳತೆ ನಿಂತು ಹೋಗುತ್ತದೆ. ಮೇಲಿಂದ ‘ಪಗಾರ ಬರತೈತಿ, ನಮಗ್ಯಾಕ ಅಂಗನವಾಡಿ’ ಅನ್ನೋ ಮಾತು ಬೇರೆ. ಅಂಗನವಾಡಿ ಬಡವರಿಗೆ ಮಾತ್ರ ಅನ್ನೋ ನಿಯಮ ಇಲ್ಲ. 6 ವರ್ಷದೊಳಗಿನ ಯಾವ ಮಗುವಿನ ಹೆಸರನ್ನೂ ಬರೆಸಬಹುದು. 3 ವರ್ಷದೊಳಗಿನವರಿಗೆ ಮನೆಗೆ ಆಹಾರ, ದೊಡ್ಡವರಿಗೆ ಅಲ್ಲೇ ಬಿಸಿಯೂಟ, ಹಾಲು, ಮೊಟ್ಟೆ.

ಎಷ್ಟಿರಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 3 ವರ್ಷ ತುಂಬಿದ ಗಂಡು ಮಗು ಸುಮಾರು 96 ಸೆಂ.ಮೀ., 14.3 ಕೆ.ಜಿ.; ಹೆಣ್ಣು ಮಗು 95 ಸೆಂ.ಮೀ., 13.9 ಕೆ.ಜಿ. ಎತ್ತರ ಗಂಡಿಗೆ 88.7, ಹೆಣ್ಣಿಗೆ 87.4 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಬೆಳವಣಿಗೆ ಕುಂಠಿತ ಅಂತ ಅರ್ಥ. ‘ನಮ್ಮ ಮಂದಿ ಮೈಕಟ್ಟೇ ಸಣ್ಣದು’ ಅಂತ ಬಿಡೋ ಹಾಗಿಲ್ಲ. ಈ ಲೆಕ್ಕ ಹಾಕಿದ್ದು ದೆಹಲಿ ಮಕ್ಕಳನ್ನೂ ಸೇರಿಸಿ 6 ದೇಶಗಳ ಮಕ್ಕಳನ್ನು ಅಳೆದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳ ಬೆಳವಣಿಗೆ ಕುಂಠಿತ. ಉಳ್ಳವರ ಮನೆಯೂ ಇದರಿಂದ ಹೊರತಲ್ಲ.

ಊಟ ಏನು?

ಬಿಸ್ಕಿಟ್, ಚಿಪ್ಸ್ ಹೊಟ್ಟೆ ತುಂಬಿಸ್ತಾವ, ಬೆಳೆಸಂಗಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ, ಶೇಂಗಾ ಪುಡಿ, ಮೆತ್ತಗೆ ಬೇಯಿಸಿದ ಮಡಕಿ ಕಾಳು, ತತ್ತಿ, ಬಾಳೆಹಣ್ಣು ನಮ್ಮ ಸಂತೆಯಲ್ಲೇ ಸಿಗ್ತಾವೆ. ಅಂಗಡಿಯವರೂ 5 ರೂಪಾಯಿ ಪೊಟ್ಟಣದ ಪಕ್ಕದಲ್ಲಿ ಬಾಳೆಹಣ್ಣಿನ ಗೊನೆ ತೂಗು ಹಾಕಬಹುದು.

ಊರು ಬಿಡುವಾಗ ಏನು ಮಾಡಬೇಕು?

* ತಾಯಿ ಕಾರ್ಡ್ ಜೊತೆಗೇ ಇರಲಿ. ಲಸಿಕೆ, ತೂಕ ಎಲ್ಲ ಅದರಲ್ಲೇ ಇರುತ್ತದೆ.
* ಕಾರ್ಯಕರ್ತೆಗೆ ಹೇಳಿ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಬೇರೆ ರಾಜ್ಯದ ಅಂಗನವಾಡಿಗೂ ವರ್ಗಾಯಿಸಬಹುದು.
* ಊರಿಗೆ ಬಂದ ವಾರದಲ್ಲೇ ಮತ್ತೆ ಅಳೆಸಿ. ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ವೈದ್ಯರಿಗೆ ತೋರಿಸಿ. 11.5ಕ್ಕಿಂತ ಕಮ್ಮಿ ಇದ್ದರೆ ತೀವ್ರ ಅಪೌಷ್ಟಿಕತೆ, ಒಂದು ದಿನವೂ ತಡ ಮಾಡಬೇಡಿ.

ಮೊದಲ ಎರಡು ವರ್ಷದಲ್ಲಿ ತಪ್ಪಿದ ಎತ್ತರ ಆಮೇಲೆ ಪೂರ್ತಿ ಸಿಗೋದು ಕಷ್ಟ. ಅಪ್ಪ ರಜೆಗೆ ಬರೋ ತನಕ ಕಾಯೋದು ಬೇಡ.