ಅಕ್ಕಿಯೊಳಗಿನ ಕ್ಯಾಡ್ಮಿಯಂ

ಜಪಾನಿನ ತೊಯಾಮ ಪ್ರಾಂತ್ಯದ ಜಿನ್‌ಜೂ ನದಿ ಬಯಲು ಭತ್ತದ ಸೀಮೆ. ನದಿಯ ಮೇಲ್ಭಾಗದಲ್ಲಿ, ಪಕ್ಕದ ಗಿಫು ಪ್ರಾಂತ್ಯದ ಬೆಟ್ಟಗಳಲ್ಲಿ, ಮಿತ್ಸುಯಿ ಕಂಪನಿಯ ಕಮಿಯೋಕ ಗಣಿ ಇತ್ತು. ಅಲ್ಲಿ ತೆಗೆಯುತ್ತಿದ್ದುದು ಸತು ಮತ್ತು ಸೀಸ. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಬೆರೆತೇ ಇರುತ್ತದೆ. ಅದಿರು ತೊಳೆದ ನೀರಿನ ಜೊತೆ ಅದೂ ಹೊಳೆಗೆ ಇಳಿದು, ಕಾಲುವೆ ಹಿಡಿದು ಗದ್ದೆ ಸೇರಿತು. ನೀರು ಹರಿದುಹೋಯಿತು, ಲೋಹ ಮೇಲ್ಮಣ್ಣಿನಲ್ಲೇ ಉಳಿಯಿತು. ಬಹುತೇಕ ಕೀಟನಾಶಕಗಳನ್ನು ಮಣ್ಣಿನ ಸೂಕ್ಷ್ಮಾಣುಗಳು ನಿಧಾನವಾಗಿಯಾದರೂ ಒಡೆಯುತ್ತವೆ. ಲೋಹವನ್ನು ಒಡೆಯಲು ಅವಕ್ಕೆ ಸಾಧ್ಯವಿಲ್ಲ.

ಈ ಬಯಲಿನ ಹೆಂಗಸರಿಗೆ, ಅದರಲ್ಲೂ ಹಲವು ಮಕ್ಕಳನ್ನು ಹೆತ್ತು ಮುಟ್ಟು ನಿಂತವರಿಗೆ, ಸೊಂಟನೋವಿನಿಂದ ಶುರುವಾದ ಕಾಯಿಲೆ ಕೆಮ್ಮಿದರೂ ಮೂಳೆ ಮುರಿಯುವ ಹಂತಕ್ಕೆ ಹೋಗುತ್ತಿತ್ತು. ರೋಗಿಗಳ ನರಳಾಟದಿಂದಲೇ ಅದಕ್ಕೆ ‘ಇತಾಯ್ ಇತಾಯ್’ (ನೋವು, ನೋವು) ಎಂಬ ಹೆಸರು ಬಿತ್ತು. ಊರಿನ ವೈದ್ಯ ನೊಬೊರು ಹಗಿನೊ ಮತ್ತು ಸಂಗಡಿಗರು 1961ರಲ್ಲಿ ಕ್ಯಾಡ್ಮಿಯಂ ಕಡೆಗೆ ಬೆರಳು ತೋರಿದರು. ಸರ್ಕಾರ ಅದನ್ನು ಒಪ್ಪಿಕೊಳ್ಳಲು 1968 ಬರಬೇಕಾಯಿತು. ಗಣಿ ಕಂಪನಿಯ ವಿರುದ್ಧದ ಮೊಕದ್ದಮೆಯನ್ನು ಊರಿನವರು 1971ರಲ್ಲಿ ಗೆದ್ದರು. ಮರುವರ್ಷ ಮೇಲ್ಮನವಿಯಲ್ಲೂ ತೀರ್ಪು ಅವರ ಕಡೆಗೇ ಆಯಿತು.

ಊಟದ ಮೂಲಕ ಒಳಹೊಕ್ಕ ಕ್ಯಾಡ್ಮಿಯಂ ಮುಖ್ಯವಾಗಿ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಅದರಲ್ಲಿ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಸೋಸಿದ ದ್ರವದಿಂದ ಬೇಕಾದ ಲವಣಗಳನ್ನು ಮತ್ತೆ ಹೀರಿಕೊಳ್ಳುವ ಸೂಕ್ಷ್ಮ ನಾಳಗಳು ಕೆಟ್ಟಮೇಲೆ ರಂಜಕ, ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿಹೋಗಿ ಮೂಳೆ ಮೆತ್ತಗಾಗುತ್ತದೆ. ಕಬ್ಬಿಣಾಂಶ ಕಡಿಮೆ ಇರುವ ದೇಹ ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಹೆಂಗಸರೇ ಹೆಚ್ಚು ನರಳಿದ್ದಕ್ಕೆ ಇದೂ ಒಂದು ಕಾರಣ. ಮನುಷ್ಯನಿಗೆ ಕೇಡು ಮಾಡುವಷ್ಟು ಲೋಹ ಕಾಳಿಗೆ ಇಳಿದಿದ್ದರೂ ಪೈರು ಹಸಿರಾಗಿಯೇ ಇರಬಲ್ಲದು. ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯದು, ಪರೀಕ್ಷೆಯೊಂದೇ ದಾರಿ. ಜಪಾನಿನಲ್ಲಿ ಈಗಿನ ಮಿತಿ ಕಿಲೋ ಅಕ್ಕಿಗೆ 0.4 ಮಿಲಿಗ್ರಾಂ.

ಕೆಟ್ಟ ಮಣ್ಣನ್ನು ಸರಿಪಡಿಸುವ ಕೆಲಸ 1979ರಿಂದ 2012ರವರೆಗೆ ನಡೆಯಿತು. ಮೇಲ್ಮಣ್ಣನ್ನು ಕೆರೆದು ತೆಗೆದು, ಗದ್ದೆಯಲ್ಲೇ ತೋಡಿದ ಗುಂಡಿಯಲ್ಲಿ ಹೂತು, ಅದರ ಮೇಲೆ ಗಟ್ಟಿ ಪದರ ಹಾಸಿ, ಬೇರೆಡೆಯಿಂದ ತಂದ ಶುದ್ಧ ಮಣ್ಣು ಹರಡಿದರು. ಹೀಗೆ ಮರಳಿ ಸಿಕ್ಕಿದ್ದು ಸುಮಾರು 863 ಹೆಕ್ಟೇರ್, ಖರ್ಚು 4,000 ಕೋಟಿ ಯೆನ್‌ಗೂ ಮೇಲೆ. ಸಾಮಾನ್ಯ ರೈತನೊಬ್ಬನ ಕೈಗೆ ನಿಲುಕುವ ಮಾತಲ್ಲ ಇದು.

ಅಗ್ಗದ ಉಪಾಯವೂ ಒಂದಿದೆ. ಗದ್ದೆಯಲ್ಲಿ ನೀರು ನಿಂತು ಗಾಳಿಯಾಡದಿದ್ದರೆ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದ ರೂಪ ತಾಳುತ್ತದೆ, ಬೇರಿಗೆ ಸಿಕ್ಕುವುದಿಲ್ಲ. ಕೊಯ್ಲಿಗೆ ಮುಂಚೆ ನೀರು ಬಸಿದು ಮಣ್ಣು ಒಣಗಿಸಿದಾಗ ಮತ್ತೆ ಕರಗಿ ಕಾಳಿಗೇರುತ್ತದೆ. ಆದ್ದರಿಂದ ತೆನೆ ಹೊರಡುವ ಹೊತ್ತಿನ ಹಿಂದೆಮುಂದೆ ಕೆಲವು ವಾರ ಗದ್ದೆಯಲ್ಲಿ ನೀರು ನಿಂತೇ ಇರುವಂತೆ ನೋಡಿಕೊಳ್ಳಲು ಜಪಾನಿನ ರೈತರಿಗೆ ಹೇಳಲಾಗುತ್ತದೆ. ತೊಡಕಿರುವುದೂ ಇಲ್ಲೇ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದರ ನಡತೆ ಇದಕ್ಕೆ ತದ್ವಿರುದ್ಧ: ನೀರು ನಿಂತಷ್ಟೂ ಅದು ಕರಗಿ ಭತ್ತಕ್ಕೇರುತ್ತದೆ.

ಭತ್ತದ ಬೇರು ಮ್ಯಾಂಗನೀಸ್ ಹೀರುವ ದ್ವಾರದಿಂದಲೇ ಕ್ಯಾಡ್ಮಿಯಂ ಕೂಡ ಒಳಬರುತ್ತದೆ. ಜಪಾನಿನ ವಿಜ್ಞಾನಿಗಳು ಬೀಜಕ್ಕೆ ಅಯಾನುಗಳನ್ನು ಹಾಯಿಸಿ, ಆ ದ್ವಾರ ಕೆಲಸ ಮಾಡದ ಕೊಶಿಹಿಕಾರಿ ತಳಿಯ ಭತ್ತವನ್ನು ಆರಿಸಿ ಬೆಳೆಸಿದರು. ಅದರ ಅಕ್ಕಿಯಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮ್ಯಾಂಗನೀಸ್ ಕೊರತೆಯ ಮಣ್ಣಿನಲ್ಲಿ ಈ ಬಗೆಯ ಭತ್ತದ ಎಲೆಗೆ ಕಂದುಚುಕ್ಕೆ ರೋಗ ಬೇಗ ತಗಲುತ್ತದೆ.