ಕಿವಿ ಕೇಳದ ನಾಯಿ ಕಣ್ಣಲ್ಲೇ ಕೇಳುತ್ತೆ!

ಕೆಂಚನಗುಡ್ಡದಂಥ ಹೊಳೆದಂಡೆಯ ಊರು ಅಂದ್ರೆ ಬೀದಿಗೆ ನಾಲ್ಕು ನಾಯಿ ಇದ್ದೇ ಇರ್ತವೆ. ಭತ್ತದ ಸುಗ್ಗಿ ಬಂತೆಂದರೆ ಟ್ರ್ಯಾಕ್ಟರು, ಲಾರಿಗಳು ಸಿರುಗುಪ್ಪದ ಅಕ್ಕಿ ಗಿರಣಿಗಳ ಕಡೆ ಸಾಲುಗಟ್ಟುತ್ತವೆ. ಹಾರ್ನ್ ಹೊಡೆದರೆ ಎಲ್ಲ ನಾಯಿಗಳೂ ಎದ್ದು ಓಡ್ತವೆ. ಒಂದು ಮಾತ್ರ ರಸ್ತೆ ಮಧ್ಯೆ ಹಾಯಾಗಿ ಮಲಗಿರುತ್ತೆ. 'ಎಷ್ಟು ಸೊಕ್ಕು ನೋಡ್ರಿ ಇದಕ್ಕೆ!' ಅಂತ ಯಾರೋ ಕಲ್ಲು ಬೀರುತ್ತಾರೆ. ಅದು ಸೊಕ್ಕಲ್ಲದೇ ಇರಬಹುದು, ಆ ಬಡಪಾಯಿಗೆ ಕಿವಿಯೇ ಕೇಳಿಸದಿರಬಹುದು. ಇಂಥ ನಾಯಿ ಬೀದಿಯಲ್ಲಿ ಬಹಳ ದಿನ ಬಾಳುವುದು ಕಷ್ಟ. ನಿಮ್ಮ ಮನೆ ಬಾಗಿಲಿಗೆ ಅಂಥದೊಂದು ಮರಿ ಬಂದು ನಿಂತರೆ ಸಾಕಬಹುದಾ? ಖಂಡಿತ ಸಾಕಬಹುದು. ಆದರೆ ಕೆಲವು ವಿಷಯ ಮೊದಲೇ ತಿಳಿದಿರಬೇಕು.

ಕಿವುಡು ಯಾಕೆ ಬರುತ್ತೆ?

ಹುಟ್ಟುಕಿವುಡು ಹೆಚ್ಚಾಗಿ ಕಾಣುವುದು ಬಿಳಿ ಬಣ್ಣ ಜಾಸ್ತಿ ಇರುವ ನಾಯಿಗಳಲ್ಲಿ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲೂ ಇರಬೇಕು. ಅಲ್ಲಿ ಅವು ಇಲ್ಲದಿದ್ದರೆ ಶಬ್ದ ಗ್ರಹಿಸುವ ಸೂಕ್ಷ್ಮ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಚುಕ್ಕೆಚುಕ್ಕೆಯ ಡಾಲ್ಮೇಷಿಯನ್ ತಳಿಯಲ್ಲಿ ಈ ತೊಂದರೆ ಬಹಳ. ಹಾಗಂತ ಬಿಳಿ ನಾಯಿಗಳೆಲ್ಲ ಕಿವುಡು ಅಂತಲ್ಲ. ವಯಸ್ಸಾದಾಗ, ಕಿವಿಯ ಸೋಂಕು ಹಳೆಯದಾದಾಗ, ಕೆಲವು ಔಷಧಿಗಳಿಂದಲೂ ಕೇಳಿಸುವುದು ಕಡಿಮೆಯಾಗುತ್ತೆ. ಸೋಂಕಿನಿಂದ ಬಂದಿದ್ದರೆ ಚಿಕಿತ್ಸೆಯಿಂದ ಸುಧಾರಿಸಬಹುದು. ಆದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ನಾಯಿ ನಿದ್ದೆಯಲ್ಲಿದ್ದಾಗ ಅದರ ಬೆನ್ನ ಹಿಂದೆ, ದೂರದಲ್ಲಿ ನಿಂತು ಸೀಟಿ ಊದಿ ಅಥವಾ ಬೀಗದ ಕೈ ಗೊಂಚಲು ಅಲ್ಲಾಡಿಸಿ. ನೆಲ ಅದುರಬಾರದು, ಗಾಳಿ ಬೀಸಬಾರದು. ಯಾಕೆಂದರೆ ಕಿವುಡು ನಾಯಿ ಇವೆರಡರಿಂದಲೇ ಎಚ್ಚರವಾಗುತ್ತೆ! ಒಂದೇ ಕಿವಿ ಕೇಳದಿದ್ದರೆ ಮನೆಯಲ್ಲಿ ಗೊತ್ತಾಗುವುದು ಕಷ್ಟ. ಖಚಿತವಾಗಿ ಹೇಳಲು ಬಿ.ಎ.ಇ.ಆರ್. ಎಂಬ ಯಂತ್ರಪರೀಕ್ಷೆಯೇ ಬೇಕು.

ಮನೆಗೆ ತರುವ ಮುನ್ನ

ರೇಬಿಸ್ ಸೇರಿದಂತೆ ಎಲ್ಲ ಲಸಿಕೆ, ಜಂತುಹುಳುವಿನ ಔಷಧಿ ಹಾಕಿಸಿ. ವೈದ್ಯರು ಹೇಳಿದ ವಯಸ್ಸಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಮೊದಲ ಕೆಲವು ದಿನ ಮನೆಯ ಒಂದು ಶಾಂತ ಮೂಲೆಯಲ್ಲಿ ಬಿಡಿ. ಅದರ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ ಇರುವ ಹಾಗೆ ಹಾಸಿಗೆ ಹಾಕಿದರೆ ಬರುವವರು ಅದಕ್ಕೆ ಕಾಣಿಸುತ್ತಾರೆ, ಭಯ ಕಡಿಮೆಯಾಗುತ್ತೆ. ಈ ಹಂತದಲ್ಲಿ ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಸಿನ, ಖಾರದಪುಡಿ ಏನೂ ಹಚ್ಚಬೇಡಿ.

ನಂಬಿಕೆ ಬೆಳೆಸುವುದು ಹೇಗೆ?

ಕೂಗಿದರೆ ಬರುವುದಿಲ್ಲ ಎಂದಮೇಲೆ ನಿಮ್ಮ ಕಡೆ ನೋಡುವ ಅಭ್ಯಾಸವನ್ನೇ ಮೊದಲು ಕಲಿಸಬೇಕು. ನಾಯಿ ತಾನಾಗಿ ನಿಮ್ಮ ಮುಖ ನೋಡಿದಾಗಲೆಲ್ಲ ಒಂದು ಚೂರು ರೊಟ್ಟಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಕೊಡಿ. ಕೆಲವೇ ದಿನಗಳಲ್ಲಿ ಅದು ನಿಮ್ಮನ್ನು ಪದೇ ಪದೇ ತಿರುಗಿ ನೋಡತೊಡಗುತ್ತೆ. ಬಾಂಧವ್ಯ ಶುರುವಾಗುವುದೇ ಅಲ್ಲಿಂದ.

ಆಮೇಲೆ ಸನ್ನೆ. ಹೆಬ್ಬೆರಳು ಎತ್ತಿದರೆ 'ಶಭಾಷ್', ಕೈಯನ್ನು ಎದೆ ಕಡೆಗೆ ಎಳೆದುಕೊಂಡರೆ 'ಬಾ', ಅಂಗೈ ಮುಂದೆ ಹಿಡಿದರೆ 'ನಿಲ್ಲು', ತೋರುಬೆರಳು ಅಲ್ಲಾಡಿಸಿದರೆ 'ಬೇಡ'. ಯಾವ ಸನ್ನೆಯಾದರೂ ಸರಿ, ಮನೆಯವರೆಲ್ಲ ಒಂದೇ ಥರ ಮಾಡಬೇಕು. ಅತ್ತೆ ಒಂದು, ಸೊಸೆ ಒಂದು ಮಾಡಿದರೆ ಪಾಪ, ಅದು ಯಾರ ಮಾತು ಕೇಳಬೇಕು? ದಿನಕ್ಕೆ ಮೂರು-ನಾಲ್ಕು ಸಲ, ಐದೈದು ನಿಮಿಷ ಸಾಕು. ಸನ್ನೆ ಮಾಡುವಾಗ ಮುಖದಲ್ಲಿ ನಗು ಇರಲಿ. ನಿಮ್ಮ ಮುಖಭಾವವೇ ಅದರ ಪಾಲಿನ ದನಿ.

ದೂರದಲ್ಲಿದ್ದಾಗ ಕಾಲಿಂದ ನೆಲ ತಟ್ಟಿ, ರಾತ್ರಿಯಾದರೆ ಲೈಟು ಆರಿಸಿ ಹತ್ತಿಸಿ. ಸದ್ದಿಲ್ಲದೆ ಅದುರುವ ಕಾಲರ್ ಸಿಗುತ್ತದೆ, ಅದನ್ನು 'ಇತ್ತ ನೋಡು' ಎನ್ನಲು ಬಳಸಬಹುದು. ಕರೆಂಟು ಹೊಡೆಯುವ ಕಾಲರ್ ಮಾತ್ರ ಬೇಡವೇ ಬೇಡ.

ಮಲಗಿದ್ದಾಗ ಎಚ್ಚರ

ಕಿವುಡು ನಾಯಿ ಕಚ್ಚುತ್ತೆ ಎಂಬ ಅಂಜಿಕೆ ಬಹಳ ಜನಕ್ಕಿದೆ. ಕಿವಿ ಅಥವಾ ಕಣ್ಣಿನ ತೊಂದರೆ ಇರುವ ನಾಯಿಗಳನ್ನು ಉಳಿದವುಗಳ ಜೊತೆ ಹೋಲಿಸಿದ, 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅವು ಹೆಚ್ಚು ಆಕ್ರಮಣಕಾರಿ ಎಂದೇನೂ ಕಂಡುಬಂದಿಲ್ಲ. ಆದರೆ ನಿದ್ದೆಯಲ್ಲಿ ಹಠಾತ್ತನೆ ಮುಟ್ಟಿದರೆ ಯಾವ ನಾಯಿಯಾದರೂ ಬೆಚ್ಚಿ ಬಾಯಿ ಹಾಕಬಹುದು. ಆದ್ದರಿಂದ ಎಬ್ಬಿಸುವಾಗ ಮೊದಲು ಮೂಗಿನ ಮುಂದೆ ಕೈ ಹಿಡಿಯಿರಿ, ವಾಸನೆ ತಿಳಿಯಲಿ. ಆಮೇಲೆ ಭುಜ ಮೆಲ್ಲಗೆ ಮುಟ್ಟಿ. ಕಣ್ಣು ಬಿಟ್ಟ ಕೂಡಲೇ ತಿನ್ನಲು ಏನಾದರೂ ಕೊಡಿ. ದಿನವೂ ಹೀಗೆ ಮಾಡಿದರೆ 'ಮುಟ್ಟಿದರೆ ಒಳ್ಳೆಯದೇ ಆಗುತ್ತೆ' ಅಂತ ಅದಕ್ಕೆ ರೂಢಿಯಾಗುತ್ತೆ. ಚಿಕ್ಕ ಮಕ್ಕಳಿಗೆ ಮಾತ್ರ ಒಂದೇ ನಿಯಮ: ಮಲಗಿದ ನಾಯಿಯ ತಂಟೆಗೆ ಹೋಗಬಾರದು.

ಇನ್ನೊಂದು ಮಾತು. ನೀವು ಹೊರಗೆ ಹೋಗುವುದು ಅದಕ್ಕೆ ಕೇಳಿಸುವುದಿಲ್ಲ. ಎದ್ದು ನೋಡಿದರೆ ಯಾರೂ ಇಲ್ಲದಿದ್ದರೆ ಗಾಬರಿಯಾಗುತ್ತೆ. ಹೊರಡುವ ಮುನ್ನ ಎಬ್ಬಿಸಿ, 'ಹೋಗಿ ಬರ್ತೀನಿ' ಎನ್ನುವ ಒಂದು ಸನ್ನೆ ಮಾಡಿ ಹೋಗಿ.

ಇದು ನಮಗೆ ಹೊಸದಲ್ಲ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಶಾಸನವೊಂದು ಸಿಕ್ಕಿದೆ. ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೇರ ಎಂಬ ವೀರ ನಿಲ್ಲಿಸಿದ ಕಲ್ಲು ಅದು. ನಾಯಿಗೂ ಒಂದು ಹೆಸರು, ಒಂದು ಗೌರವ ಕೊಟ್ಟ ನಾಡು ನಮ್ಮದು. ಹಾಗಿದ್ದ ಮೇಲೆ ಕಿವಿ ಕೇಳದ್ದಕ್ಕೆ ಹೊರದಬ್ಬುವುದು ಎಷ್ಟು ಸರಿ? ಸಾಕಿದ ಪ್ರಾಣಿಯನ್ನು ದಿಕ್ಕಿಲ್ಲದಂತೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಾಗಂತ ಕನಿಕರವೊಂದನ್ನೇ ನಂಬಿ ತರಬೇಡಿ. ಬಾಗಿಲು ಸದಾ ತೆರೆದಿರುವ ಮನೆ, ನೇರ ರಸ್ತೆಗೇ ಅಂಗಳ, ಇಡೀ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಸ್ವಲ್ಪ ಯೋಚಿಸಿ. ಬೇಲಿ ಹಾಕಿಸಿ, ಮನೆಯವರ ಒಪ್ಪಿಗೆ ಪಡೆದು ಮುಂದುವರಿಯಿರಿ. ಆಗ ಅದು ನಿಮ್ಮನ್ನು ಬಿಟ್ಟು ಅಗಲುವುದಿಲ್ಲ. ಮನೆಯಲ್ಲಿ ನಿಮ್ಮ ಮುಖವನ್ನು ಇಷ್ಟು ಗಮನವಿಟ್ಟು ನೋಡುವವರು ಬೇರೆ ಯಾರಿದ್ದಾರೆ ಹೇಳಿ!

ನೆನಪಿಡಿ

* ಹೊರಗೆ ಹಗ್ಗ ಬಿಚ್ಚಬೇಡಿ. ರಸ್ತೆ, ಕಾಲುವೆ, ಹೊಳೆ ಹತ್ತಿರವಂತೂ ಬೇಡವೇ ಬೇಡ. ಓಡಾಡಲು ಬಯಲಲ್ಲಿ ಉದ್ದ ಹಗ್ಗ ಕಟ್ಟಿ.
* ಕೊರಳಪಟ್ಟಿಯಲ್ಲಿ 'ನನಗೆ ಕಿವಿ ಕೇಳಿಸುವುದಿಲ್ಲ' ಎಂದು ಬರೆದು ಫೋನ್ ನಂಬರು ಹಾಕಿ.
* ಗೆಜ್ಜೆ ಕಟ್ಟಿ. ಅದಕ್ಕೆ ಕೇಳಿಸದಿದ್ದರೂ ಅದು ಎಲ್ಲಿದೆ ಎಂದು ನಿಮಗೆ ಕೇಳಿಸುತ್ತೆ.
* ಹಿಂದಿನಿಂದ ಬಂದು ಮುಟ್ಟಬೇಡಿ, ಎದುರಿನಿಂದಲೇ ಬನ್ನಿ.
* ಕಣ್ಣೇ ಅದರ ಆಸರೆ. ಕಣ್ಣಲ್ಲಿ ನೀರು, ಕೆಂಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.
* ಬಳ್ಳಾರಿ ಬಿಸಿಲಲ್ಲಿ ನೆರಳು, ತಣ್ಣೀರು ತಪ್ಪಿಸಬೇಡಿ.