ಭೂತದ ಮನೆಯಲ್ಲಿ ದೀಪ ಹತ್ತಿಕೊಂಡರೆ

ಇವತ್ತಿನ ಸಂಚಿಕೆಯಲ್ಲಿ ನಿಮ್ಮನ್ನ ಒಂದು ಭೂತದ ಮನೆಗೆ ಕರ್ಕೊಂಡು ಹೋಗ್ತೀನಿ. ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿರುವ ‘ಹಾಂಟೆಡ್ ಮ್ಯಾನ್ಷನ್’. ಶುರುವಾಗಿದ್ದು 1969ರ ಆಗಸ್ಟ್‌ನಲ್ಲಿ.

ಒಳಗೆ ಕಾಲಿಟ್ಟರೆ ಎಂಟು ಮೂಲೆಯ ಒಂದು ಕೋಣೆ. ಬಾಗಿಲು ಮುಚ್ಚಿಕೊಳ್ಳುತ್ತೆ. ಗೋಡೆ ಮೇಲಿನ ಚಿತ್ರಪಟಗಳು ನೋಡ್ತಾ ನೋಡ್ತಾ ಉದ್ದ ಆಗ್ತವೆ. ನನಗಂತೂ ಎದೆ ಒಂದ್ಸಲ ಧಸಕ್ ಅಂತು. ಅಸಲಿಗೆ ಅದೊಂದು ಲಿಫ್ಟು, ನಮ್ಮನ್ನ ಮೆಲ್ಲಗೆ ಕೆಳಕ್ಕೆ ಇಳಿಸ್ತಿರುತ್ತೆ. ಯಾಕೆ ಗೊತ್ತಾ? ಹೊರಗಿನಿಂದ ಕಾಣುವ ಬಂಗಲೆಯಲ್ಲಿ ಇಷ್ಟು ದೊಡ್ಡ ಆಟ ಹಿಡಿಸೋದಿಲ್ಲ. ಪಾರ್ಕಿನ ರೈಲು ಹಳಿಯ ಆಚೆ ಇರುವ ಕಟ್ಟಡಕ್ಕೆ ಹಳಿಯ ಅಡಿಯಿಂದಲೇ ಹೋಗಬೇಕು. ಫ್ಲೋರಿಡಾದ ಬಂಗಲೆಗೆ ಈ ತೊಂದರೆ ಇಲ್ಲ. ಅಲ್ಲಿ ನೆಲ ಇದ್ದಲ್ಲೇ ಇರುತ್ತೆ, ಚಾವಣಿ ಮೇಲೇರುತ್ತೆ.

ಆಮೇಲೆ ಪುಟ್ಟ ಬಂಡಿಯಲ್ಲಿ ಕೂತು ಹೋಗುವಾಗ ಕೆಳಗಿನ ಹಾಲ್‌ನಲ್ಲಿ ದೆವ್ವಗಳು ಕುಣೀತಿರ್ತವೆ, ಮೈಯೊಳಗಿಂದ ಆಚೆಯ ಕುರ್ಚಿ ಮೇಜು ಕಾಣಿಸುತ್ತೆ. ಇದು ಕಂಪ್ಯೂಟರ್ ಮಾಯೆ ಅಲ್ಲ. ರಾತ್ರಿ ಬಸ್ಸಿನ ಕಿಟಕಿ ಗಾಜಿನಲ್ಲಿ ನಮ್ಮದೇ ಮುಖ ಹೊರಗಿನ ಕತ್ತಲಲ್ಲಿ ತೇಲಿದ ಹಾಗೆ ಕಾಣುತ್ತಲ್ಲ, ಅದೇ. ನಮ್ಮ ಮುಂದೆ ಭಾರಿ ಗಾಜು. ನಮ್ಮ ಕಣ್ಣಿಗೆ ಬೀಳದ ಕಡೆ ಬೊಂಬೆಗಳು. ಬೊಂಬೆ ಮೇಲೆ ಬೆಳಕು ಬಿದ್ದರೆ ದೆವ್ವ ಪ್ರತ್ಯಕ್ಷ, ಬೆಳಕು ಆರಿದರೆ ಮಾಯ. ಲಂಡನ್ನಿನಲ್ಲಿ 1862ರಲ್ಲೇ ಜಾನ್ ಹೆನ್ರಿ ಪೆಪ್ಪರ್ ಇದನ್ನ ವೇದಿಕೆ ಮೇಲೆ ತೋರಿಸಿದ್ದರು. ಹಾಗಾಗಿ ‘ಪೆಪ್ಪರ್ ಗೋಸ್ಟ್’ ಅನ್ನೋ ಹೆಸರೇ ಉಳೀತು.

ಇದಕ್ಕೆಲ್ಲ ಬೇಕಾಗಿದ್ದು ಕತ್ತಲೆ, ಗದ್ದಲ, ದಾರಿ ತಪ್ಪಿದ ಭಾವನೆ. ಬೆಂಕಿ ಬಿದ್ದಾಗ ಜೀವ ತೆಗೆಯೋದೂ ಇವೇ.

1984ರ ಮೇ 11ರಂದು ನ್ಯೂಜೆರ್ಸಿಯ ‘ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್’ ಪಾರ್ಕಿನ ‘ಹಾಂಟೆಡ್ ಕ್ಯಾಸಲ್’ ಹೊತ್ತಿ ಉರಿಯಿತು. ಲಾರಿ ಟ್ರೇಲರ್‌ಗಳನ್ನ ಜೋಡಿಸಿ ಮಾಡಿದ್ದ, ನಡೆದು ನೋಡುವ ಭೂತದ ಮನೆ ಅದು. ಒಳಗೆ ಫೋಮ್ ಹೊದಿಕೆ ಇತ್ತು, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಎಂಟು ಜನ ಹದಿಹರೆಯದವರು ಹೊರಗೆ ಬರಲೇ ಇಲ್ಲ. ನೀವೇ ಯೋಚಿಸಿ, ಭೂತದ ಮನೆಯಲ್ಲಿ ಹೊಗೆ ಕಂಡ ತಕ್ಷಣ ಯಾರು ಓಡ್ತಾರೆ? ಇದೂ ಆಟದ್ದೇ ಒಂದು ಭಾಗ ಅಂದ್ಕೊಳ್ತೀವಿ. ಕಿರುಚಾಟ ಕೇಳಿದರೂ ಅಷ್ಟೇ.

ಆಮೇಲೆ ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆಗಳಲ್ಲಿ ಇಂಥ ಮನೆಗಳಿಗೆ ಅಂತಲೇ ಬೇರೆ ನಿಯಮಗಳು ಬಂದವು. ಸ್ಪ್ರಿಂಕ್ಲರ್, ಹೊಗೆ ಪತ್ತೆ ಮಾಡುವ ಸಾಧನ ಇವೆಲ್ಲ ಸರಿ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಅಪಾಯದ ಸೂಚನೆ ಸಿಕ್ಕ ಕ್ಷಣವೇ ದೀಪ ಹತ್ತಬೇಕು, ಭೂತದ ಸದ್ದು, ಮಿಂಚಾಟ ನಿಲ್ಲಬೇಕು. ಅಂದ್ರೆ ಕಷ್ಟಪಟ್ಟು ಕಟ್ಟಿದ ಮಾಯೆಯನ್ನ ಯಂತ್ರವೇ ಕೆಡಿಸಬೇಕು, ಜನರಿಗೆ ‘ಇದು ಆಟ ಅಲ್ಲ’ ಅಂತ ಗೊತ್ತಾಗಬೇಕು.

ನಮ್ಮೂರಿನ ಎಕ್ಸಿಬಿಷನ್ ಮೈದಾನಕ್ಕೂ ಭೂತಬಂಗಲೆ ಬರುತ್ತೆ. ಮಕ್ಕಳನ್ನ ಒಳಗೆ ಕಳಿಸೋ ಮುಂಚೆ ಟಿಕೆಟ್ ಕೊಡುವವರನ್ನ ಕೇಳಿ: ಇನ್ನೊಂದು ಬಾಗಿಲು ಎಲ್ಲಿದೆ, ಒಳಗಿನ ಲೈಟ್ ಹಾಕೋ ಸ್ವಿಚ್ ಯಾರ ಕೈಯಲ್ಲಿದೆ?